ಹಳೆಯ ರಿಕೋರ್ಡಿ ಸ್ವರಪುಸ್ತಕಕ್ಕೆ ವರ್ಷ ಗೊತ್ತುಮಾಡುವುದು ಹೇಗೆ? ಮಿಲಾನ್‌ನ ಮೂಲ ಹಸ್ತಪ್ರತಿ ಓದುವುದು ಹೇಗೆ?

ಮೂರನೇಕಾಲ

ಗ್ರಂಥಾಲಯಕ್ಕೆ ದಾನವಾಗಿ ಬಂದ ಕಟ್ಟಿನಲ್ಲಿ ಇಟಲಿಯ ರಚನಕಾರ ಪುಚ್ಚಿನಿಯ ‘ಲಾ ಬೊಹೇಮ್’ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಸ್ವರಪುಸ್ತಕ ಇದೆ. ಮೇಲೆ ಹಾಡುವವರ ಸಾಲುಗಳು, ಕೆಳಗೆ ಪಿಯಾನೊ. ಮಿಲಾನ್‌ನ ರಿಕೋರ್ಡಿ ಸಂಸ್ಥೆಯ ಮುದ್ರಣ. ಮೊದಲ ಸ್ವರಪುಟದ ಅಡಿಯಲ್ಲಿ 1896ರ ಹಕ್ಕುಸ್ವಾಮ್ಯದ ಸಾಲು, ಎಲ್ಲ ಪುಟಗಳ ಅಡಿಯಲ್ಲೂ 99000 ಎಂಬ ಸಂಖ್ಯೆ. ಮುಖಪುಟದಲ್ಲಿ ಮಿಲಾನೊ, ರೋಮಾ, ನಾಪೊಲಿ, ಪಾಲೆರ್ಮೊ, ಪಾರೀಜಿ, ಲೋಂದ್ರಾ, ಲೀಪ್ಸಿಯಾ ಅಂತ ಊರುಗಳ ಸಾಲು. ಹಾಳೆ ಕಂದಾಗಿದೆ, ಅಂಚು ಮುಟ್ಟಿದರೆ ಪುಡಿ ಉದುರುತ್ತದೆ.

ಕ್ಯಾಟಲಾಗ್‌ನಲ್ಲಿ 1896 ಅಂತಲೇ ಬರೆಯಬಹುದೇ? 99000 ಏನನ್ನು ಹೇಳುತ್ತದೆ? ಪುಚ್ಚಿನಿ ಕೈಯಾರೆ ಬರೆದ ಮೂಲ ಎಲ್ಲಿದೆ, ಅದರ ಜೊತೆ ಇದನ್ನು ಹೋಲಿಸಿ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಉದುರುವ ಹಾಳೆಗೆ ಏನು ಮಾಡುವುದು?

ಐದುಗೆರೆ

1896 ಅಂತ ಬರೆಯಬೇಡಿ. ಅದು ಹಕ್ಕು ನೋಂದಾಯಿಸಿದ ವರ್ಷ. ಅದೇ ಕೆತ್ತನೆಯಿಂದ ಹತ್ತಾರು ವರ್ಷ ಮರುಮುದ್ರಣ ಆಗಿದೆ, ಆ ಸಾಲು ಮಾತ್ರ ಹಾಗೆಯೇ ಉಳಿದಿದೆ. ನಮ್ಮಲ್ಲಿನ ಎಷ್ಟೋ ಕ್ಯಾಟಲಾಗ್‌ಗಳಲ್ಲಿ ‘ಮೊದಲ ಮುದ್ರಣ’ ಅಂತ ತಪ್ಪಾಗಿ ಸೇರಿರುವುದು ಈ ಒಂದು ಸಾಲಿನಿಂದಲೇ.

99000 ತಗಡಿನ ಸಂಖ್ಯೆ. ಆಗ ಸ್ವರಲಿಪಿಯನ್ನು ತವರ ಬೆರೆತ ಮೆದುಲೋಹದ ತಗಡಿನ ಮೇಲೆ ತಿರುವುಮುರುವಾಗಿ ಕೆತ್ತುತ್ತಿದ್ದರು. ಸ್ವರ ಕೂರುವ ಐದು ಗೆರೆಗಳನ್ನು ಹಲ್ಲಿನ ಉಪಕರಣದಿಂದ ಒಟ್ಟಿಗೆ ಎಳೆಯುವುದು, ಸ್ವರದ ತಲೆ, ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ಹೇಳುವ ಸಾಲಿನ ಮೊದಲ ಗುರುತು), ಅಕ್ಷರಗಳನ್ನು ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಬಡಿಯುವುದು, ಬಿಲ್ಲುಗೆರೆಗಳನ್ನು ಉಳಿಯಿಂದ ಕೈಯಲ್ಲೇ ಕೆತ್ತುವುದು. ತಪ್ಪಾದರೆ ತಗಡನ್ನು ಮಗುಚಿ ಹಿಂದಿನಿಂದ ಬಡಿದು, ಎದುರುಬದಿ ಸಮಮಾಡಿ ಮತ್ತೆ ಕೆತ್ತಬೇಕು. ಅಂಗಡಿಯಲ್ಲಿ ಸಾವಿರಾರು ತಗಡು ಇರುತ್ತಿದ್ದವು. ಯಾವ ತಗಡು ಯಾವ ಕೃತಿಯದು ಅಂತ ಗುರುತಿಸಲು ಒಂದು ಕೃತಿಯ ಎಲ್ಲ ತಗಡುಗಳಿಗೂ ಒಂದೇ ಸಂಖ್ಯೆ. ಕೆಲವು ಪ್ರತಿಗಳಲ್ಲಿ ಸಂಖ್ಯೆಯ ಎಡಬಲಕ್ಕೆ ಒಂದು ಸಣ್ಣ ಅಕ್ಷರ ಇರುತ್ತದೆ, ಅದು ಸಂಖ್ಯೆಯ ಭಾಗವಲ್ಲ.

ಈ ಸಂಖ್ಯೆಗಳನ್ನು ಸಂಸ್ಥೆಯವರು ದೊಡ್ಡ ದಪ್ಪ ದಫ್ತರಗಳಲ್ಲಿ ಬರೆದಿಡುತ್ತಿದ್ದರು. ಇಟಾಲಿಯನ್‌ನಲ್ಲಿ ‘ಲಿಬ್ರೋನಿ’, ಅಂದರೆ ದೊಡ್ಡ ಪುಸ್ತಕಗಳು. ಆದ್ದರಿಂದ ಸಂಖ್ಯೆ ಹೇಳುವುದು ಕೆತ್ತನೆಗೆ ಕೊಟ್ಟ ಕಾಲವನ್ನು. ನಿಮ್ಮ ಕೈಯಲ್ಲಿರುವ ಹಾಳೆ ಅಚ್ಚಾದ ಕಾಲ ಅದರಿಂದ ತಿಳಿಯುವುದಿಲ್ಲ. ಪಿಯಾನೊ ಜೊತೆಯ ಮುದ್ರಣಗಳಲ್ಲಿ ಆಗಾಗ ಎದುರಾಗುವ ಕೆಲವು: ‘ಒತೆಲ್ಲೊ’ 52105, ‘ಫಾಲ್‌ಸ್ತಾಫ್’ 96342, ‘ಲಾ ಬೊಹೇಮ್’ 99000, ‘ತೋಸ್ಕಾ’ 103050, ‘ಮದಾಮಾ ಬಟರ್‌ಫ್ಲೈ’ 110000, ‘ತುರಾಂದೊತ್’ 119772.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ‘ಒತೆಲ್ಲೊ’ 1887ರದು, ‘ಫಾಲ್‌ಸ್ತಾಫ್’ 1893ರದು. ಆರು ವರ್ಷದಲ್ಲಿ 44,000 ಹೊಸ ಕೃತಿಗಳನ್ನು ಯಾರೂ ಕೆತ್ತಿಸಲಿಲ್ಲ. 1888ರಲ್ಲಿ ಪ್ರತಿಸ್ಪರ್ಧಿ ಲುಕ್ಕಾ ಸಂಸ್ಥೆ ರಿಕೋರ್ಡಿಯೊಳಗೆ ಸೇರಿತು, ಅದರ ತಗಡುಗಳನ್ನೂ ಲೆಕ್ಕಕ್ಕೆ ತಂದದ್ದರಿಂದ ಸಂಖ್ಯೆ ಒಮ್ಮೆಲೇ ಹಾರಿತು. ‘ವರ್ಷಕ್ಕೆ ಇಷ್ಟು ಸಂಖ್ಯೆ’ ಅಂತ ಭಾಗಿಸಿ ಕಾಲ ಗೊತ್ತುಮಾಡಲು ಹೊರಟವರು ಎಡವುವುದು ಇಲ್ಲೇ.

ಈಗ ನಿಮ್ಮ ಪ್ರತಿಯ ಕಾಲ. ಮೊದಲು ಸಂಸ್ಥೆಯ ಹೆಸರಿನ ರೂಪ ನೋಡಿ. ಬರೀ ಜೊವಾನ್ನಿ ರಿಕೋರ್ಡಿ ಹೆಸರಿದ್ದರೆ 1853ಕ್ಕಿಂತ ಮುಂಚಿನದು, ‘ತೀತೊ ದಿ ಜೊವಾನ್ನಿ ರಿಕೋರ್ಡಿ’ ಅಂತಿದ್ದರೆ 1853ರಿಂದ 1888ರ ನಡುವಿನದು, ‘ಜಿ. ರಿಕೋರ್ಡಿ ಎ ಸಿ.’ ಅಂತಿದ್ದರೆ 1888ರ ನಂತರದ್ದು. ಆಮೇಲೆ ಶಾಖೆಗಳ ಊರುಗಳು: ಲಂಡನ್ 1875, ಪ್ಯಾರಿಸ್ 1888, ಲೈಪ್‌ಜಿಗ್ 1901, ನ್ಯೂಯಾರ್ಕ್ 1911, ಬ್ಯೂನಸ್ ಐರಿಸ್ 1924. ನಿಮ್ಮಲ್ಲಿ ಲೀಪ್ಸಿಯಾ ಇದೆ, ಅಂದರೆ ಲೈಪ್‌ಜಿಗ್. ನ್ಯೂಯಾರ್ಕ್ ಇಲ್ಲ. ಹಾಗಾಗಿ 1901ರಿಂದ 1911ರ ಆಸುಪಾಸು. ಆದರೆ ಹೆಚ್ಚುವರಿ ಅಚ್ಚಾಗಿ ಉಳಿದ ಹಳೆಯ ಮುಖಪುಟವನ್ನೇ ಮುಂದಿನ ವರ್ಷಗಳ ಒಳಹಾಳೆಗೆ ಹೊಲಿದಿರುವ ಸಾಧ್ಯತೆ ಇರುವುದರಿಂದ ಇದನ್ನು ಒಂದೆರಡು ವರ್ಷ ಸಡಿಲವಾಗಿಯೇ ಹಿಡಿಯಿರಿ.

ಗಟ್ಟಿ ಸಾಕ್ಷಿ ಒಂದಿದೆ: ಒಣಮುದ್ರೆ. ಮಸಿ ಇಲ್ಲದೆ ಹಾಳೆಯನ್ನೇ ಉಬ್ಬಿಸಿ ಒತ್ತಿದ ಸಣ್ಣ ಮುದ್ರೆ, ಅದರಲ್ಲಿ ತಿಂಗಳು ಮತ್ತು ವರ್ಷ. ಹೆಚ್ಚಾಗಿ ಶೀರ್ಷಿಕೆ ಪುಟದಲ್ಲೋ ಮೊದಲ ಕೆಲವು ಹಾಳೆಗಳ ಅಂಚಿನಲ್ಲೋ ಇರುತ್ತದೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೇ ಇಳಿಸಿ, ಓರೆಯಾಗಿ ಬೆಳಕು ಹಾಯಿಸಿ, ನಾಲ್ಕೂ ದಿಕ್ಕಿನಿಂದ ನೋಡಿ. ಪೆನ್ಸಿಲ್ ಉಜ್ಜಿ ಎಬ್ಬಿಸಲು ಹೋಗಬೇಡಿ, ಉಬ್ಬು ಚಪ್ಪಟೆಯಾಗುತ್ತದೆ, ಹಾಳೆ ಹರಿಯುತ್ತದೆ.

ಇನ್ನೊಂದು ಪರೀಕ್ಷೆ ಈ ಒಪೆರಾಕ್ಕೆ ಮಾತ್ರ. 1896ರ ಫೆಬ್ರವರಿ 1ರಂದು ತೂರಿನ್‌ನ ಮೊದಲ ಪ್ರದರ್ಶನ ಆದ ಮೇಲೆ ಪುಚ್ಚಿನಿ ಎರಡನೇ ಅಂಕಕ್ಕೆ ನಾಯಕಿ ಮಿಮಿಯ ಟೊಪ್ಪಿಗೆಯ ಸನ್ನಿವೇಶ ಸೇರಿಸಿದ. ಮುಸೆತ್ತಾ ರಂಗಕ್ಕೆ ಬರುವ ಮುಂಚೆ ‘ಕುಫಿಯೆತ್ತಾ’ (ಟೊಪ್ಪಿಗೆ) ಮಾತು ಬರುವ ಆ ಭಾಗ ಇದೆಯೇ ನೋಡಿ. ಇದ್ದರೆ ಅದು ತೂರಿನ್ ಪಾಠವಲ್ಲ, ತಿದ್ದಿದ ಪಾಠ (ಪಾಠ ಅಂದರೆ ಕೃತಿಯ ಒಂದು ರೂಪ).

ಹಾಳೆತಿರುವು

ಐದುಗೆರೆ ಅವರೇ, ‘ಬಟರ್‌ಫ್ಲೈ’ಗೂ ಇದೇ ಪರೀಕ್ಷೆ ನಡೆಯುತ್ತದೆಯೇ? 1904ರ ಫೆಬ್ರವರಿ 17ರಂದು ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರದಲ್ಲಿ ಅದು ಸೋತು, ಮೇ 28ಕ್ಕೆ ಬ್ರೆಷಿಯಾದಲ್ಲಿ ತಿದ್ದುಪಡಿಯೊಂದಿಗೆ ಮತ್ತೆ ಬಂತಲ್ಲ.

ಐದುಗೆರೆ

ನಡೆಯುತ್ತದೆ. ಅಲ್ಲಿ ತಗಡಿನ ಸಂಖ್ಯೆಯನ್ನು ನೆಚ್ಚಿಕೊಳ್ಳಲೇಬೇಡಿ, ಪುಟಗಳ ಒಟ್ಟು ಲೆಕ್ಕ ಮತ್ತು ಅಂಕಗಳ ವಿಭಾಗ ನೋಡಿ. ಮೊದಲ ಪಾಠದಲ್ಲಿ ಎರಡೇ ಅಂಕ, ಎರಡನೆಯದು ಬಹಳ ಉದ್ದ. ಬ್ರೆಷಿಯಾಕ್ಕೆ ಅದನ್ನು ಎರಡಾಗಿ ಒಡೆದರು. ಆಮೇಲೂ ತಿದ್ದುಪಡಿ ನಿಲ್ಲಲಿಲ್ಲ, 1906ರ ಪ್ಯಾರಿಸ್ ಪ್ರದರ್ಶನಕ್ಕೆ ಮತ್ತೆ ಬದಲಾಯಿತು. ಕ್ಯಾಟಲಾಗ್‌ನಲ್ಲಿ ಸಂಖ್ಯೆಯ ಜೊತೆ ಪುಟಸಂಖ್ಯೆ ಬರೆಯದಿದ್ದರೆ ಮುಂದಿನವರಿಗೆ ಯಾವ ಪಾಠ ಅಂತ ತಿಳಿಯುವುದೇ ಇಲ್ಲ.

ಬ್ರೆರಾಗಲ್ಲಿ

ಮೂಲ ಎಲ್ಲಿದೆ ಅನ್ನುವುದಕ್ಕೆ ಉತ್ತರ: ಮಿಲಾನ್‌ನ ಬ್ರೆರಾ ಅರಮನೆಯಲ್ಲಿ. ಅಲ್ಲಿನ ಬ್ರೈಡೆನ್ಸೆ ರಾಷ್ಟ್ರೀಯ ಗ್ರಂಥಾಲಯದೊಳಗೆ 2003ರಿಂದ ರಿಕೋರ್ಡಿ ಐತಿಹಾಸಿಕ ಸಂಗ್ರಹ ಇದೆ. ಸುಮಾರು 7,800 ಮೂಲ ಸ್ವರಪ್ರತಿಗಳು, ಅವುಗಳಲ್ಲಿ 600ಕ್ಕೂ ಹೆಚ್ಚು ಒಪೆರಾಗಳು, 10,000ದಷ್ಟು ಲಿಬ್ರೆತ್ತೊ ಅಂದರೆ ಒಪೆರಾದ ಮಾತಿನ ಪುಸ್ತಕಗಳು, ಸಾವಿರಾರು ಪತ್ರಗಳು, ವೇಷಭೂಷಣ ಮತ್ತು ರಂಗಸಜ್ಜಿಕೆಯ ಚಿತ್ರಗಳು, ಫೋಟೋ, ಭಿತ್ತಿಪತ್ರ. ಇಟಲಿಯ ಇನ್ನೊಬ್ಬ ರಚನಕಾರ ವೆರ್ಡಿಯ 28 ಒಪೆರಾಗಳಲ್ಲಿ 23ರ ಸ್ವಹಸ್ತ ಪ್ರತಿ ಇಲ್ಲಿದೆ. ಪುಚ್ಚಿನಿಯದು ‘ಲಾ ರೊಂದಿನೆ’ ಒಂದನ್ನು ಬಿಟ್ಟು ಉಳಿದ ಎಲ್ಲ ಒಪೆರಾಗಳು. ‘ಲಾ ರೊಂದಿನೆ’ಯ ಪ್ರಕಾಶಕರು ಸೊನ್ಜೋನ್ಯೊ, ಅದಕ್ಕೇ ಅದು ಇಲ್ಲಿಗೆ ಬರಲಿಲ್ಲ.

ಇಷ್ಟೊಂದು ಮೂಲಪ್ರತಿ ಒಬ್ಬ ಪ್ರಕಾಶಕನ ಮನೆಯಲ್ಲಿ ಯಾಕೆ ಉಳಿಯಿತು ಅನ್ನುವುದು ಗೊತ್ತಿದ್ದರೆ ಸಂಗ್ರಹದಲ್ಲಿ ಯಾವುದು ಎಲ್ಲಿದೆ ಅನ್ನುವುದೂ ಸಲೀಸು. ಜೊವಾನ್ನಿ ರಿಕೋರ್ಡಿ ಮೊದಲಿಗೆ ನಕಲುಗಾರ. ರಂಗಮಂದಿರಕ್ಕೆ ಬೇಕಾದ ವಾದ್ಯಪಾಲುಗಳನ್ನು, ಅಂದರೆ ಒಂದೊಂದು ವಾದ್ಯದ ಸ್ವರಹಾಳೆಗಳನ್ನು, ಕೈಯಲ್ಲಿ ಬರೆದುಕೊಡುವ ಕಸುಬು. 1807ರಲ್ಲಿ ಲೈಪ್‌ಜಿಗ್‌ನ ಬ್ರೈಟ್‌ಕೋಫ್ ಸಂಸ್ಥೆಗೆ ಹೋಗಿ ಕೆತ್ತನೆ ಕಲಿತು, 1808ರಲ್ಲಿ ಮಿಲಾನ್‌ನಲ್ಲಿ ಮುದ್ರಣ ಶುರುಮಾಡಿದ. 1825ರಲ್ಲಿ ಲಾ ಸ್ಕಾಲಾದ ಸ್ವರಪ್ರತಿ ಭಂಡಾರವನ್ನೇ ಕೊಂಡುಕೊಂಡ. ಅವನು ಕಂಡುಕೊಂಡ ದಾರಿ ಏನೆಂದರೆ ಪೂರ್ಣ ಸ್ವರಪ್ರತಿಯನ್ನೂ ವಾದ್ಯಪಾಲುಗಳನ್ನೂ ಮಾರುವುದಿಲ್ಲ, ಬಾಡಿಗೆಗೆ ಕೊಡುವುದು. ಪಿಯಾನೊ ಜೊತೆಯ ಪುಸ್ತಕವನ್ನು ಮಾತ್ರ ಮನೆಮನೆಗೆ ಮಾರುವುದು. ಊರೂರಿನ ರಂಗಮಂದಿರದವರು ಪ್ರತಿ ಪ್ರದರ್ಶನ ಋತುವಿಗೂ ಬಾಡಿಗೆ ಕಟ್ಟಬೇಕು, ಮುಗಿದ ಮೇಲೆ ಹಿಂದಿರುಗಿಸಬೇಕು. ಹೀಗೆ ಬಾಡಿಗೆ ಹುಟ್ಟಿಸುವ ಮೂಲಧನ ಎಂದರೆ ರಚನಕಾರನ ಸ್ವಹಸ್ತ ಪ್ರತಿ. ಅದನ್ನು ಬೀರುವಿನಲ್ಲಿ ಭದ್ರವಾಗಿ ಇಡದೆ ಇರುತ್ತಾರೆಯೇ? 1840ರಲ್ಲಿ ಆಸ್ಟ್ರಿಯಾ ಮತ್ತು ಸಾರ್ಡೀನಿಯಾ ರಾಜ್ಯಗಳ ನಡುವೆ ಕೃತಿಸ್ವಾಮ್ಯದ ಒಪ್ಪಂದ ಆದ ಮೇಲೆ ಕಳ್ಳನಕಲಿಗೂ ಕಡಿವಾಣ ಬಿತ್ತು.

1943ರ ಆಗಸ್ಟಿನ ಬಾಂಬ್ ದಾಳಿಯಲ್ಲಿ ರಿಕೋರ್ಡಿ ಕಟ್ಟಡಗಳು ಹಾಳಾದವು. ಸ್ವಹಸ್ತ ಪ್ರತಿಗಳನ್ನು ಮುಂಚೆಯೇ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದವು. 1994ರಲ್ಲಿ ಸಂಸ್ಥೆ ಜರ್ಮನಿಯ ಬೆರ್ಟೆಲ್ಸ್‌ಮಾನ್ ಗುಂಪಿನ ಕೈಗೆ ಬಂತು. ಅವರು ಆಮೇಲೆ ಪ್ರಕಾಶನದ ವ್ಯವಹಾರವನ್ನು ಯೂನಿವರ್ಸಲ್‌ಗೆ ಮಾರಿದರೂ ಸಂಗ್ರಹವನ್ನು ತಮ್ಮಲ್ಲೇ ಇಟ್ಟುಕೊಂಡರು. ಇದು ಬಹಳ ಜನರನ್ನು ದಾರಿತಪ್ಪಿಸುವ ವಿಷಯ. ವಾದ್ಯಪಾಲು ಬಾಡಿಗೆಗೆ ಬೇಕಾದರೆ ಪ್ರಕಾಶನಕ್ಕೆ ಬರೆಯಬೇಕು, ಮೂಲಪ್ರತಿ ಅಥವಾ ಪತ್ರ ನೋಡಬೇಕಾದರೆ ಸಂಗ್ರಹಕ್ಕೆ ಬರೆಯಬೇಕು. ಹೆಸರು ಒಂದೇ, ಮನೆ ಎರಡು.

ಮೂರನೇಕಾಲ

ಇಷ್ಟು ಬೇಗ ಇಷ್ಟು ವಿವರ, ತುಂಬಾ ಧನ್ಯವಾದ. ಸ್ವಹಸ್ತ ಪ್ರತಿಯ ಚಿತ್ರಗಳನ್ನು ನೋಡುವಾಗ ವಾದ್ಯಗಳ ಕ್ರಮವೇ ಅರ್ಥವಾಗುವುದಿಲ್ಲ. ವೆರ್ಡಿಯ ಒಂದು ಪುಟದಲ್ಲಿ ವಯಲಿನ್ ಎಲ್ಲಕ್ಕಿಂತ ಮೇಲಿದೆ. ಎಷ್ಟೋ ಬಾರ್‌ಗಳು (ನಿಲುಗೆರೆಗಳ ನಡುವಿನ ತಾಳದ ಮನೆಗಳು) ಖಾಲಿ. ಅದು ಅಪೂರ್ಣವೇ?

ಕೊಳಲುಕೋಣೆ

ಅಪೂರ್ಣ ಅಲ್ಲ, ನಕಲುಗಾರನಿಗೆ ಅರ್ಥವಾಗುವಷ್ಟು ಪೂರ್ಣ. ಕಸುಬಿನವರು ಕಸುಬಿನವರಿಗೆ ಬರೆದ ಸಂಕ್ಷೇಪ ಅದು.

ಕ್ರಮ ಮೊದಲು. ಹಳೆಯ ಇಟಾಲಿಯನ್ ಪದ್ಧತಿಯಲ್ಲಿ ವಯಲಿನ್ ಮತ್ತು ವಿಯೋಲಾ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಕೊಳಲು, ಓಬೋ, ಕ್ಲಾರಿನೆಟ್ ಮೊದಲಾದ ಊದುವಾದ್ಯ, ಹಿತ್ತಾಳೆ ವಾದ್ಯ, ತಾಳವಾದ್ಯ. ಆಮೇಲೆ ಹಾಡುವವರು. ಎಲ್ಲಕ್ಕಿಂತ ಕೆಳಗೆ ಚೆಲ್ಲೊ ಮತ್ತು ಡಬಲ್ ಬಾಸ್. ಹಾಡು ಮತ್ತು ಬಾಸ್ ಒಂದರ ಪಕ್ಕ ಒಂದು ಬರುವಂತೆ ಮಾಡಿದ ಏರ್ಪಾಡು ಇದು. ಕಾರಣ ವೆರ್ಡಿ ಬರೆಯುವ ವಿಧಾನದಲ್ಲೇ ಇದೆ. ಮೊದಲ ಸುತ್ತಿನಲ್ಲಿ ಹಾಡಿನ ಸಾಲು, ಮಾತು, ಬಾಸ್, ಅಲ್ಲಲ್ಲಿ ಮುಖ್ಯ ವಾದ್ಯದ ಸುಳಿವು, ಇಷ್ಟನ್ನೇ ಬರೆದು ಎಲ್ಲ ಪುಟಗಳನ್ನೂ ಮುಗಿಸುತ್ತಿದ್ದ. ಸಂಶೋಧಕರು ಇದನ್ನು ‘ಅಸ್ಥಿಪಂಜರ ಪ್ರತಿ’ ಅನ್ನುತ್ತಾರೆ. ಹಾಡುಗಾರರ ಅಭ್ಯಾಸ ಶುರುವಾದ ಮೇಲೆ ಅದೇ ಹಾಳೆಯ ಖಾಲಿ ಸಾಲುಗಳಲ್ಲಿ ಉಳಿದ ವಾದ್ಯಗಳನ್ನು ತುಂಬುತ್ತಿದ್ದ. ಒಳ್ಳೆಯ ಬಣ್ಣದ ಚಿತ್ರದಲ್ಲಿ ಮಸಿಯ ಛಾಯೆ ಎರಡು ಬಗೆ ಕಾಣುತ್ತದೆ. ಕಪ್ಪುಬಿಳುಪು ಮೈಕ್ರೋಫಿಲ್ಮ್‌ನಲ್ಲಿ ಈ ಪದರ ಪೂರ್ತಿ ಕಳೆದುಹೋಗುತ್ತದೆ, ಆದ್ದರಿಂದ ಹಳೆಯ ಫಿಲ್ಮ್ ನೋಡಿ ‘ತಿದ್ದಿದ್ದಾನೆ, ತಿದ್ದಿಲ್ಲ’ ಅಂತ ತೀರ್ಮಾನ ಮಾಡಬೇಡಿ.

ಖಾಲಿ ಬಾರ್‌ಗಳ ವಿಷಯ. ‘ಕೋಮೆ ಸೋಪ್ರಾ’ ಅಂತಿದ್ದರೆ ‘ಮೇಲಿನಂತೆ’. ಹಿಂದೆ ಬಂದ ಬಾರ್‌ಗಳಿಗೆ ಅಂಕಿಯನ್ನೋ ಅಕ್ಷರವನ್ನೋ ಹಾಕಿ, ಇಲ್ಲಿ ಖಾಲಿ ಬಾರ್‌ಗಳ ಮೇಲೂ ಅದೇ ಗುರುತು ಹಾಕಿರುತ್ತಾರೆ. ‘ಕೋಲ್ ಬಾಸ್ಸೊ’ ಅಂದರೆ ಬಾಸ್ ನುಡಿಸುವುದನ್ನೇ ನುಡಿಸು, ‘ಉನಿಸ್.’ ಅಂದರೆ ಮೇಲಿನ ಸಾಲಿನ ಜೊತೆ ಒಂದೇ ಸ್ವರ. ತಪ್ಪು ಹುಟ್ಟುವುದು ಎಲ್ಲಿ ಅಂದರೆ, ಎರಡನೇ ಸಲ ಹಾಡುಗಾರನ ಸ್ವರ ಅಥವಾ ಮಾತಿನ ಉದ್ದ ಸ್ವಲ್ಪ ಬೇರೆ ಇರುತ್ತದೆ, ನಕಲುಗಾರ ವಾದ್ಯಗಳನ್ನು ಹಿಂದಿನದರಿಂದ ಯಥಾವತ್ತು ಇಳಿಸುತ್ತಾನೆ. ಒಂದು ಬಾರ್ ಎಣಿಕೆ ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲವೂ ಜಾರುತ್ತದೆ. ಕೋಮೆ ಸೋಪ್ರಾ ಶುರುವಾಗುವ ಮತ್ತು ಮುಗಿಯುವ ಬಾರ್‌ಗಳನ್ನು ಮೊದಲು ಪೆನ್ಸಿಲ್‌ನಲ್ಲಿ ನಿಮ್ಮ ಪಟ್ಟಿಗೆ ಬರೆದುಕೊಂಡು, ಎರಡೂ ಕಡೆ ಬಾರ್ ಸಂಖ್ಯೆ ಸರಿಹೊಂದುತ್ತದೆಯೇ ಎಣಿಸಿ, ಆಮೇಲೇ ಇಳಿಸಿ.

ತುತ್ತೂರಿ, ತಾಳವಾದ್ಯ ದೊಡ್ಡ ಮೇಳದ ಜಾಗದಲ್ಲೇ ಕಾಣದಿದ್ದರೆ ಬೆಚ್ಚಬೇಡಿ. ಹಾಳೆಯಲ್ಲಿ ಸಾಲುಗಳು ಸಾಲದೆ ಹೋದಾಗ, ಅಂದರೆ ಪಾತ್ರಗಳೆಲ್ಲ ಸೇರಿ ಕೋರಸ್ ಜೊತೆ ಹಾಡುವ ಅಂಕಾಂತ್ಯದಂಥ ಕಡೆ, ಉಳಿದ ವಾದ್ಯಗಳನ್ನು ಬೇರೆ ಹಾಳೆಗಳಲ್ಲಿ ಬರೆಯುತ್ತಿದ್ದರು. ಅದಕ್ಕೆ ‘ಸ್ಪಾರ್ತಿತೀನೊ’ ಅಂತ ಹೆಸರು. ಅದು ಆ ಭಾಗದ ಕೊನೆಗೋ, ಅಂಕದ ಕೊನೆಗೋ, ಕೆಲವೊಮ್ಮೆ ಬೇರೆ ಸಂಪುಟಕ್ಕೋ ಹೊಲಿದಿರುತ್ತದೆ. ಸ್ಪಾರ್ತಿತೀನೊ ಹುಡುಕದೆ ‘ಇಲ್ಲಿ ಟ್ರಂಪೆಟ್ ಮೌನ’ ಅಂತ ಬರೆದುಬಿಟ್ಟರೆ ಇಡೀ ಗ್ರಂಥಸಂಪಾದನೆ ಕೆಡುತ್ತದೆ.

ಚಿಹ್ನೆಗಳಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಒತ್ತುಗುರುತಿನಲ್ಲಿ, ಅಂದರೆ ಸ್ವರವನ್ನು ಒತ್ತಿ ನುಡಿಸು ಅನ್ನುವ ಚಿಹ್ನೆಯಲ್ಲಿ. ರೊಸ್ಸೀನಿ, ವೆರ್ಡಿ ಇಬ್ಬರೂ ಒತ್ತಿನ ಗುರುತನ್ನು ಉದ್ದಕ್ಕೆ ಎಳೆಯುತ್ತಾರೆ, ಅದು ದನಿ ತಗ್ಗಿಸುವ ಕವೆಗೆರೆಯ ಹಾಗೆ ಕಾಣುತ್ತದೆ. ಒಂದೇ ಬಾರ್‌ನಲ್ಲಿ ಮೇಲಿನ ಹತ್ತು ಸಾಲುಗಳಲ್ಲಿ ಏನಿದೆ ಹೋಲಿಸಿ. ಗುರುತಿನ ತೆರೆದ ತುದಿ ಸ್ವರದ ತಲೆಗೇ ಹತ್ತಿಕೊಂಡಿದ್ದು, ಎಲ್ಲ ವಾದ್ಯಗಳಲ್ಲೂ ಒಟ್ಟಿಗೆ ಬಂದಿದ್ದರೆ ಒತ್ತು ಅಂತ ಹಿಡಿಯಬಹುದು. ಕವೆ ಮುಂದಿನ ಸ್ವರದವರೆಗೆ ಚಾಚಿದ್ದು, ಆಮೇಲೆ ಮೃದುದನಿಯ ಸೂಚನೆ ಇದ್ದರೆ ತಗ್ಗಿಸುವುದು. ಎರಡೂ ಹೊಂದದಿದ್ದರೆ ಟಿಪ್ಪಣಿ ಬರೆಯಿರಿ, ಊಹೆಯನ್ನು ಪಾಠದೊಳಗೆ ತುರುಕಬೇಡಿ.

ಹಾಡುವವರ ಸಾಲಿನಲ್ಲಿ ಕ್ಲೆಫ್ ನೋಡಿಕೊಳ್ಳಿ. ಈಗಿನ ಮುದ್ರಣದಲ್ಲಿ ಹೆಣ್ಣುದನಿಗೂ ಟೆನರ್ ಎಂಬ ಎತ್ತರದ ಗಂಡುದನಿಗೂ ಜಿ ಕ್ಲೆಫ್ ಇದ್ದರೆ ಹಳೆಯ ಮೂಲಗಳಲ್ಲಿ ಸೊಪ್ರಾನೊ ಕ್ಲೆಫ್, ಟೆನರ್ ಕ್ಲೆಫ್ ಇರುತ್ತವೆ. ಉಲ್ಲೇಖ ಕೊಡುವಾಗ ಪುಟಸಂಖ್ಯೆ ಅಲ್ಲ, ಹಾಳೆಯ ಸಂಖ್ಯೆ ಮತ್ತು ಬದಿ ಬರೆಯಬೇಕು: ‘ಹಾಳೆ 23, ಹಿಂಬದಿ’ ಅಂತ. ಸಂಗ್ರಹದ ಗುರುತು ಸಂಗೀತ ಮೂಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಿಸ್ಮ್‌ನಲ್ಲಿ ‘ಐ-ಎಂಆರ್’. ಮಿಲಾನ್ ಸಂಗೀತ ವಿದ್ಯಾಲಯದ ಗ್ರಂಥಾಲಯ ‘ಐ-ಎಂಸಿ’. ಎರಡನ್ನೂ ಅದಲುಬದಲು ಮಾಡಿದ ಅಡಿಟಿಪ್ಪಣಿಗಳು ಬೇಕಾದಷ್ಟಿವೆ.

ಹಾಳೆತಿರುವು

ಇಷ್ಟೆಲ್ಲಾ ನೋಡಿದ ಮೇಲೆ ಮುದ್ರಿತ ಪ್ರತಿಗೂ ಸ್ವಹಸ್ತಕ್ಕೂ ವ್ಯತ್ಯಾಸ ಸಿಕ್ಕರೆ ಸ್ವಹಸ್ತವೇ ಸರಿ ಅಂತ ತಿದ್ದಿಬಿಡಬಹುದಲ್ಲ?

ಕೊಳಲುಕೋಣೆ

ಅಷ್ಟು ನೇರ ಅಲ್ಲ. 1958ರಲ್ಲಿ ಆಸ್ಟ್ರೇಲಿಯಾದ ವಾದ್ಯವೃಂದ ನಿರ್ದೇಶಕ ಡೆನಿಸ್ ವಾನ್ ವೆರ್ಡಿಯ ಸ್ವಹಸ್ತ ಪ್ರತಿಗಳಿಗೂ ಮುದ್ರಣಕ್ಕೂ ಸಾವಿರಾರು ವ್ಯತ್ಯಾಸ ಇದೆ ಅಂತ ಪ್ರಕಟಿಸಿದಾಗ ಇಟಲಿಯಲ್ಲಿ ದೊಡ್ಡ ಗದ್ದಲವೇ ಆಯಿತು. ಅವುಗಳಲ್ಲಿ ಕೆಲವು ಕೆತ್ತನೆಯ ತಪ್ಪು, ಕೆಲವು ನಕಲುಗಾರನ ತಪ್ಪು. ಇನ್ನು ಕೆಲವು ವೆರ್ಡಿಯೇ ಅಭ್ಯಾಸದ ವೇಳೆಯೋ ಕರಡು ತಿದ್ದುವಾಗಲೋ ಬದಲಿಸಿದವು, ಆದರೆ ಸ್ವಹಸ್ತ ಪ್ರತಿಗೆ ಮತ್ತೆ ಬರೆಯದೆ ಬಿಟ್ಟವು. ಪುಚ್ಚಿನಿ ಇನ್ನೂ ಮುಂದೆ. ಅವನು ಕರಡಿನಲ್ಲಿ, ಅಚ್ಚಾದ ಮೇಲೆ, ಪ್ರದರ್ಶನವಾದ ಮೇಲೆ, ಎಲ್ಲ ಹಂತದಲ್ಲೂ ತಿದ್ದುತ್ತಲೇ ಇರುತ್ತಿದ್ದ. ಅವನ ವಿಷಯದಲ್ಲಿ ಸ್ವಹಸ್ತ ಪ್ರತಿ ಮೊದಲ ಮಾತು, ಕೊನೆಯ ಮಾತಲ್ಲ.

ಸ್ವಹಸ್ತವೇ ಗೆಲ್ಲುವ ಕಡೆಗಳೂ ಇವೆ. ವೆರ್ಡಿಯ ‘ರಿಗೊಲೆತ್ತೊ’ದ ಮೂರನೇ ಅಂಕದಲ್ಲಿ ಡ್ಯೂಕ್ ಛತ್ರಕ್ಕೆ ಬಂದು ಅದರ ಒಡೆಯ ಸ್ಪಾರಾಫುಚಿಲೆಯನ್ನು ‘ಎರಡು ವಸ್ತು, ಬೇಗ’ ಅಂತ ಕೇಳುತ್ತಾನೆ. ಹಳೆಯ ಮುದ್ರಣಗಳಲ್ಲಿ ಅವು ‘ಒಂದು ಕೋಣೆ ಮತ್ತು ವೈನ್’. ವೆರ್ಡಿಯ ಕೈಬರಹದಲ್ಲಿರುವುದು ‘ನಿನ್ನ ತಂಗಿ ಮತ್ತು ವೈನ್’. ಮೊದಲನೆಯದು ಸೆನ್ಸಾರಿನವರ ಕಾಲದ ನುಣುಪು, ಎರಡನೆಯದು ಆ ಪಾತ್ರ. ಒಂದೇ ಪದ, ಇಡೀ ದೃಶ್ಯದ ಬಣ್ಣ ಬದಲಾಯಿತು. ರಿಕೋರ್ಡಿ ಮತ್ತು ಶಿಕಾಗೊ ವಿಶ್ವವಿದ್ಯಾಲಯ ಪ್ರಕಾಶನ ಸೇರಿ ಹೊರತಂದ ವೆರ್ಡಿ ಸಮಗ್ರ ಸಂಪಾದನೆ 1983ರಲ್ಲಿ ಇದೇ ಒಪೆರಾದಿಂದ ಶುರುವಾಯಿತು.

ಸ್ವಹಸ್ತ ಬಿಟ್ಟು ಬೇರೆಲ್ಲೂ ಸಿಗದ ಸಂಗತಿಯೂ ಇದೆ. ‘ಲಾ ಬೊಹೇಮ್’ ಕೊನೆಯಲ್ಲಿ ಮಿಮಿ ಸಾಯುವ ಜಾಗದಲ್ಲಿ ಪುಚ್ಚಿನಿ ಸ್ವರಗಳ ಪಕ್ಕ ಮಸಿಯಲ್ಲಿ ಒಂದು ತಲೆಬುರುಡೆ, ಅದರಡಿ ಅಡ್ಡಡ್ಡ ಎರಡು ಮೂಳೆ ಬರೆದಿದ್ದಾನೆ. ಯಾವ ಮುದ್ರಣದಲ್ಲೂ ಅದು ಬರಲಾರದು. ವೇದಿಕೆಯ ಮೇಲೆ ಅವಳ ಪ್ರಿಯಕರ ರೊಡೊಲ್ಫೊಗೆ ಅವಳ ಸಾವು ಇನ್ನೂ ಗೊತ್ತಾಗಿಲ್ಲ, ವಾದ್ಯವೃಂದಕ್ಕೆ ಆಗಲೇ ಗೊತ್ತು. ರಚನಕಾರ ಆ ಕ್ಷಣವನ್ನು ಎಲ್ಲಿ ಇಟ್ಟ ಅನ್ನುವುದು ಆ ಪುಟ್ಟ ಚಿತ್ರದಿಂದ ತಿಳಿಯುತ್ತದೆ.

ಮಾಚಿಕಾಯಿ

ಉದುರುವ ಹಾಳೆಗೆ ಬರುತ್ತೇನೆ. ಹಸ್ತಪ್ರತಿಯ ಕಾಯಿಲೆ ಬೇರೆ, ಮುದ್ರಿತ ಪುಸ್ತಕದ ಕಾಯಿಲೆ ಬೇರೆ. ಎರಡಕ್ಕೂ ಒಂದೇ ಮದ್ದು ಮಾಡಬಾರದು.

19ನೇ ಶತಮಾನದ ಹಸ್ತಪ್ರತಿಯ ಮಸಿ ಸಾಮಾನ್ಯವಾಗಿ ಕಬ್ಬಿಣದ ಮಸಿ. ಅದರ ನಾಲ್ಕು ಸಾಮಾನು ನಮ್ಮ ಗ್ರಂಥಿಗೆ ಅಂಗಡಿಯವರಿಗೂ ಗೊತ್ತು: ಮಾಚಿಕಾಯಿ, ಅನ್ನಭೇದಿ, ಜಾಲಿ ಅಂಟು, ನೀರು. ಮಾಚಿಕಾಯಿಯ ಒಗರು ಅನ್ನಭೇದಿಯ ಕಬ್ಬಿಣದ ಜೊತೆ ಸೇರಿ, ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಅನ್ನಭೇದಿ ಹೆಚ್ಚಾಗಿದ್ದರೆ ಉಳಿದ ಕಬ್ಬಿಣವೂ ಹುಟ್ಟಿದ ಗಂಧಕಾಮ್ಲವೂ ಕಾಗದದ ನಾರನ್ನು ತಿನ್ನುತ್ತವೆ. ಮೊದಲು ಹಿಂಬದಿಗೆ ಕಂದು ಇಳಿಯುತ್ತದೆ, ಆಮೇಲೆ ಬಿರುಕು, ಕೊನೆಗೆ ತೂತು. ಸ್ವರಪ್ರತಿಯಲ್ಲಿ ಇದು ಅಕ್ಷರದ ಪ್ರತಿಗಿಂತ ಘೋರ, ಯಾಕೆಂದರೆ ಕಪ್ಪು ತುಂಬಿದ ಸ್ವರದ ತಲೆಯಲ್ಲೂ ದಪ್ಪ ಅಡ್ಡಪಟ್ಟಿಯಲ್ಲೂ ಮಸಿ ತುಂಬ ದಪ್ಪ. ಸ್ವರ ಇದ್ದ ಜಾಗದಲ್ಲೇ ಸ್ವರದ ಆಕಾರದ ತೂತು ಬೀಳುತ್ತದೆ, ಹಾಳೆಯ ಎರಡೂ ಬದಿಯ ಸಂಗೀತ ಒಟ್ಟಿಗೆ ಹೋಗುತ್ತದೆ.

ನೀರು ತಾಗಿಸಬಾರದು. ತೇವದಲ್ಲಿ ಕಬ್ಬಿಣ ಮಸಿಯಿಂದ ಸುತ್ತಲಿನ ಕಾಗದಕ್ಕೆ ಹರಿದು ಹೊಸ ಜಾಗವನ್ನು ತಿನ್ನತೊಡಗುತ್ತದೆ. ಬಾಥೊಫೆನಾಂಥ್ರೊಲಿನ್ ಪರೀಕ್ಷಾ ಕಾಗದದ ತುಣುಕನ್ನು ಸ್ವಲ್ಪವೇ ತೇವ ಮಾಡಿ ಮಸಿಯ ಮೇಲೆ ಕ್ಷಣಕಾಲ ಒತ್ತಿದರೆ, ಕರಗುವ ಕಬ್ಬಿಣ ಇದ್ದಲ್ಲಿ ಅದು ಕೆನ್ನೀಲಿ ಗುಲಾಬಿಗೆ ತಿರುಗುತ್ತದೆ. ಬಿರುಕಿಗೆ ತೆಳು ಜಪಾನಿ ಕಾಗದದ ತೇಪೆ ಹಾಕಬಹುದು. ಅಂಟಿಗೆ ಹೆಚ್ಚಿನ ತಜ್ಞರು ಗೋಧಿ ಗಂಜಿಯ ಬದಲು ಜೆಲಟಿನ್ ಬಳಸುತ್ತಾರೆ, ಅದನ್ನು ಮೊದಲೇ ತೇಪೆಗೆ ಸವರಿ ಒಣಗಿಸಿ, ಅಂಟಿಸುವಾಗ ಆದಷ್ಟು ಕಡಿಮೆ ತೇವದಲ್ಲಿ ಎಬ್ಬಿಸುತ್ತಾರೆ. ಕ್ಯಾಲ್ಸಿಯಂ ಫೈಟೇಟ್ ಸ್ನಾನದಂಥ ಚಿಕಿತ್ಸೆ ಪೂರ್ತಿ ಪ್ರಯೋಗಾಲಯದ ಕೆಲಸ.

ನಿಮ್ಮ ‘ಬೊಹೇಮ್’ ಮುದ್ರಿತ. ಅಚ್ಚಿನ ಮಸಿ ಇಂಗಾಲದ್ದು, ಅದು ಕಾಗದ ತಿನ್ನುವುದಿಲ್ಲ. ಅಲ್ಲಿ ಕೆಟ್ಟಿರುವುದು ಕಾಗದವೇ, ಮರದ ತಿರುಳಿನ ಆಮ್ಲೀಯ ಕಾಗದ. ಮಾಡಬೇಕಾದ್ದು ಇಷ್ಟು: ಹಾಳೆ ತಿರುವುವುದನ್ನು ಕಡಿಮೆ ಮಾಡಿ, ಒಮ್ಮೆ ಮೇಲಿಂದ ಕ್ಯಾಮೆರಾ ಹಿಡಿದು ಪೂರ್ತಿ ಚಿತ್ರ ತೆಗೆದುಬಿಡಿ. ಪುಸ್ತಕವನ್ನು 180 ಡಿಗ್ರಿ ಚಪ್ಪಟೆ ಬಿಡಿಸಬೇಡಿ, ಎರಡು ಬದಿಗೂ ಇಳಿಜಾರು ಆಸರೆ ಕೊಟ್ಟು ಸುಮಾರು 120 ಡಿಗ್ರಿಗೆ ನಿಲ್ಲಿಸಿ. ಸೆಲ್ಲೊ ಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಆಮ್ಲರಹಿತ ರಟ್ಟಿನ ಅಳತೆಪೆಟ್ಟಿಗೆಯಲ್ಲಿ ಮಲಗಿಸಿ ಇಡಿ. ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ತುರುಕಿದರೆ ಬೆನ್ನು ಉಬ್ಬಿ ಹೊಲಿಗೆ ಬಿಚ್ಚುತ್ತದೆ.

ಹುಳ ಇದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ. ಮುಂಚೆಯೇ ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಹನಿಗಟ್ಟುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ತೇವಾಂಶ ಶೇ 50ರ ಸುತ್ತ ಒಂದೇ ಮಟ್ಟದಲ್ಲಿ ಇರುವುದು ಮುಖ್ಯ. ಹಗಲು ಏಸಿ ಹಾಕಿ ರಾತ್ರಿ ನಿಲ್ಲಿಸುವ ಕೋಣೆಗಿಂತ ಏಸಿಯೇ ಇಲ್ಲದ, ಗಾಳಿಯಾಡುವ ಒಳಕೋಣೆ ವಾಸಿ.

ಬ್ರೆರಾಗಲ್ಲಿ

ಹುಡುಕುವ ವಿಧಾನ ಬಾಕಿ ಉಳಿಯಿತು. ಸಂಗ್ರಹದ ಡಿಜಿಟಲ್ ಭಂಡಾರದಲ್ಲಿ ಪತ್ರ, ವೇಷದ ಚಿತ್ರ, ರಂಗಸಜ್ಜಿಕೆ, ಫೋಟೋ, ಲಿಬ್ರೆತ್ತೊ ಮನೆಯಲ್ಲೇ ಕೂತು ನೋಡಬಹುದು. ಉಳಿದುದಕ್ಕೆ ಮುಂಚಿತವಾಗಿ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು. ಪತ್ರದಲ್ಲಿ ಕೃತಿ, ಅಂಕ, ಭಾಗ, ಯಾಕೆ ಮೂಲವೇ ಬೇಕು ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಹುಡುಕುಪದದಲ್ಲಿ ‘ಸ್ಪಾರ್ತೀತೊ’ ಮತ್ತು ‘ಪಾರ್ತಿತೂರಾ’ ಬೇರೆ ಬೇರೆ. ಮೊದಲನೆಯದನ್ನು ಈಗ ಪಿಯಾನೊ ಜೊತೆಯ ಪುಸ್ತಕಕ್ಕೂ ಎರಡನೆಯದನ್ನು ಪೂರ್ಣ ವಾದ್ಯಪ್ರತಿಗೂ ಬಳಸುತ್ತಾರೆ, ಆದರೆ ಹಳೆಯ ಪತ್ರಗಳಲ್ಲಿ ಪೂರ್ಣ ಪ್ರತಿಯನ್ನೂ ಸ್ಪಾರ್ತೀತೊ ಅಂದಿರುವುದುಂಟು. ಹೆಸರು ಬದಲಾದ ಒಪೆರಾಗಳನ್ನು ಎರಡೂ ಹೆಸರಿನಲ್ಲಿ ಹುಡುಕಿ. ‘ನಬುಕ್ಕೊ’ದ ಮೊದಲ ಹೆಸರು ‘ನಬುಕೊದೊನೊಸೊರ್’. ಸೆನ್ಸಾರಿಗೆ ಹೆದರಿ ‘ರಿಗೊಲೆತ್ತೊ’ ಕೆಲವು ಊರುಗಳಲ್ಲಿ ‘ವಿಸ್ಕಾರ್ದೆಲ್ಲೊ’ ಆಯಿತು, ‘ಲಾ ತ್ರಾವಿಯಾತಾ’ ‘ವಿಯೊಲೆತ್ತಾ’ ಆಯಿತು, ಸಿಸಿಲಿಯ ಬಂಡಾಯದ ಕಥೆಯಾದ ‘ಈ ವೆಸ್ಪ್ರಿ ಸಿಚಿಲಿಯಾನಿ’ ‘ಜೊವಾನ್ನಾ ದೆ ಗುಸ್ಮಾನ್’ ಆಯಿತು. ಸಂಸ್ಥೆಯ ಯಜಮಾನನಾಗಿದ್ದ ಜೂಲಿಯೊ ರಿಕೋರ್ಡಿ ತಾನೇ ರಚಿಸಿದ ಸಂಗೀತಕ್ಕೆ ‘ಜೂಲ್ಸ್ ಬುರ್ಗ್‌ಮೈನ್’ ಅಂತ ಸಹಿ ಹಾಕುತ್ತಿದ್ದ, ಅವನ ಕೃತಿಗಳು ಆ ಹೆಸರಿನಡಿ ಇರುತ್ತವೆ.

ರಂಗಕ್ರಿಯೆ ಬೇಕಾದವರು ‘ದಿಸ್ಪೊಸಿತ್ಸಿಯೋನಿ ಶೇನಿಕೆ’ ಹುಡುಕಿ. ‘ಐದಾ’, ‘ಒತೆಲ್ಲೊ’ ಮೊದಲಾದ ಒಪೆರಾಗಳಿಗೆ ರಿಕೋರ್ಡಿ ಅಚ್ಚುಹಾಕಿಸಿದ ಕೈಪಿಡಿಗಳಿವು. ಯಾರು ಯಾವ ಬಾರ್‌ನಲ್ಲಿ ಎಲ್ಲಿಂದ ಎಲ್ಲಿಗೆ ನಡೆಯಬೇಕು ಅನ್ನುವ ನಕ್ಷೆ ಸಮೇತ ಇವೆ. ‘ತುರಾಂದೊತ್’ ಕೊನೆಯ ಬಗ್ಗೆ ಕೆಲಸ ಮಾಡುವವರಿಗೆ 1924ರ ನವೆಂಬರ್ 29ರಂದು ಪುಚ್ಚಿನಿ ತೀರಿಕೊಂಡಾಗ ಉಳಿದ ಕರಡು ಹಾಳೆಗಳೂ ಇಲ್ಲೇ ಇವೆ. ರಚನಕಾರ ಅಲ್ಫಾನೊ ಕೊನೆಯ ಭಾಗ ಕಟ್ಟಿದ್ದು ಅವುಗಳಿಂದ.

ಕಾನೂನಿನ ಒಂದು ಎಚ್ಚರಿಕೆ: ವೆರ್ಡಿಯ ಸಂಗೀತಕ್ಕೆ ಹಕ್ಕು ಮುಗಿದಿದ್ದರೂ ಹೊಸ ವಿಮರ್ಶಾತ್ಮಕ ಸಂಪಾದನೆಗೆ ಇಟಲಿಯಲ್ಲಿ ಪ್ರಕಟಣೆಯಿಂದ 20 ವರ್ಷದ ರಕ್ಷಣೆ ಇದೆ. ಹಳೆಯ ಮುದ್ರಣದಿಂದ ನಕಲು ಮಾಡಿದ್ದು ಅಂತ ತಿಳಿದು ಹೊಸ ಸಂಪಾದನೆಯ ಪಾಠ ಬಳಸಿದರೆ ತೊಡಕು.

ಮೂರನೇಕಾಲ

ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದೆವು. ಶೀರ್ಷಿಕೆ ಪುಟದ ಕೆಳಬಲಮೂಲೆಯಲ್ಲಿ ಉಬ್ಬುಮುದ್ರೆ ಇದೆ. 3, ಅದರ ಕೆಳಗೆ 1907 ಅಂತ ಓದುತ್ತದೆ. ಟೊಪ್ಪಿಗೆಯ ಸನ್ನಿವೇಶವೂ ಇದೆ.

ಐದುಗೆರೆ

ಬಹಳ ಸಂತೋಷ. ಊರುಗಳ ಲೆಕ್ಕಕ್ಕೂ ಸರಿಹೊಂದಿತು. ಕ್ಯಾಟಲಾಗ್‌ನಲ್ಲಿ ಹೀಗೆ ಬರೆಯಿರಿ: ಪಿಯಾನೊ ಜೊತೆಯ ಪ್ರತಿ, ತಿದ್ದಿದ ಪಾಠ, ತಗಡಿನ ಸಂಖ್ಯೆ 99000, ಹಕ್ಕುಸ್ವಾಮ್ಯ 1896, ಒಣಮುದ್ರೆ ಮಾರ್ಚ್ 1907, ಒಟ್ಟು ಪುಟಗಳು ಇಷ್ಟು. ಒಣಮುದ್ರೆ ಯಾವ ಹಾಳೆಯ ಯಾವ ಮೂಲೆಯಲ್ಲಿದೆ ಅನ್ನುವುದನ್ನೂ ಸೇರಿಸಿ. ಮುಂದೆ ಹೊಸ ರಟ್ಟು ಕಟ್ಟಿಸುವಾಗ ಅಂಚು ಕತ್ತರಿಸಿದರೆ ಆ ಮೂಲೆಯೇ ಮೊದಲು ಹೋಗುತ್ತದೆ, ಬೈಂಡರ್‌ಗೆ ಅಂಚು ಮುಟ್ಟಬೇಡಿ ಅಂತ ಚೀಟಿ ಇಟ್ಟೇ ಕೊಡಿ.